ಮದ್ದಿನ ಕೊಂಬು
(ಘಟ್ಟದ ಮೇಲಣ ಮೂರು ತಾಲೂಕುಗಳಲ್ಲಿ ಕಂಡ ಒಂದು ಕೈಗೆಲಸ)

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಣ ಸೀಮೆಗೆ ಪ್ರವಾಸ ಹೋಗುವವರು ಸಾಮಾನ್ಯವಾಗಿ ಮಾಗೋಡಿನ ಜಲಪಾತವನ್ನೂ, ಸೋದೆಯ ಮಠವನ್ನೂ, ಬನವಾಸಿಯ ಮಧುಕೇಶ್ವರನನ್ನೂ ನೋಡಿ ಹಿಂದಿರುಗುವರು. ಇವು ನೋಡತಕ್ಕವುಗಳೇ ಸರಿ. ಆದರೆ ಒಂದು ನಾಡಿನ ಜನ ಹೇಗೆ ಬಾಳಿದರೆಂಬುದನ್ನು ತಿಳಿಯಬೇಕಾದರೆ ಗುಡಿಯ ಶಿಲ್ಪದಷ್ಟೇ ಮನೆಯ ಅಟ್ಟದ ಮೇಲಿನ ಸಾಮಾನುಗಳೂ ಸಹಾಯಕವಾಗುವುವು. ಕಳೆದ ಮಾಘಮಾಸದಲ್ಲಿ ನಾವು ಯಲ್ಲಾಪುರ, ಶಿರಸಿ, ಸಿದ್ದಾಪುರ ತಾಲೂಕುಗಳಲ್ಲಿ ಸಂಚರಿಸಿದಾಗ ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆದುದು ಗೇಣಿಗಿಂತ ತುಸು ಉದ್ದವಾದ ಒಂದು ಕೊಂಬು. ಅದರ ವೃತ್ತಾಂತವನ್ನು ವಾಚಕರ ಮುಂದಿಡುತ್ತೇವೆ.

ಯಲ್ಲಾಪುರದ ಸಮೀಪದಲ್ಲಿ ನಾವು ಇಳಿದುಕೊಂಡಿದ್ದುದು ಅಡಿಕೆ ತೋಟದ ಒಂದು ಮನೆಯಲ್ಲಿ. ಕಾಡಿನ ಅಂಚಿನಲ್ಲಿ ಕೃಷಿ ಮಾಡುವವರಿಗೆ ಹಂದಿ, ಮಂಗಗಳ ಉಪದ್ರವ ಹೊಸದೇನೂ ಅಲ್ಲ. ಆದುದರಿಂದ ಇಂಥ ಮನೆಗಳಲ್ಲಿ ಸರಕಾರದ ಪರವಾನಗಿ ಪಡೆದ ಕೇಪಿನ ಕೋವಿಯೊಂದು ಇರುವುದುಂಟು. ಇದಕ್ಕೆ ನಳಿಗೆಯ ಬಾಯಿಂದ ಮದ್ದನ್ನು ಸುರಿದು, ಗಜದಿಂದ ಜಡಿದು, ಹಿಂದೆ ಕೇಪನ್ನು ಇಡಬೇಕು. ಆ ಮದ್ದನ್ನು ಹಿಂದಿನವರು ಒಯ್ಯುತ್ತಿದ್ದುದು ಕೊಂಬಿನಲ್ಲಿ. ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಈ ಮಿಶ್ರಣಕ್ಕೆ ತೇವವೂ ಕಿಡಿಯೂ ಎರಡೂ ಶತ್ರುಗಳು. ಆಷಾಢ ಶ್ರಾವಣಗಳಲ್ಲಿ ಗೋಡೆಯೂ ಬೆವರುವ ಈ ಸೀಮೆಯಲ್ಲಿ ಬಟ್ಟೆಯ ಚೀಲ ನಿರುಪಯೋಗಿ. ಕಬ್ಬಿಣದ ಡಬ್ಬಿ ಉಪ್ಪಿನಿಂದ ತುಕ್ಕು ಹಿಡಿಯುವುದು. ಕೊಂಬಾದರೋ ನೀರನ್ನು ಒಳಗೆ ಬಿಡದು, ಕಲ್ಲಿಗೆ ತಾಗಿದರೂ ಕಿಡಿ ಹಾರಿಸದು, ಹೆಗಲಿಗೆ ಭಾರವೂ ಅಲ್ಲ.

ಆ ಮನೆಯ ಗೂಟದಲ್ಲಿ ಅಂಥ ಒಂದು ಕೊಂಬು ತೂಗುತ್ತಿತ್ತು. ಅದರ ಅಗಲ ಬಾಯಿಯ ಮುಚ್ಚಳ ಒಡೆದು, ಮೈಯೆಲ್ಲ ಬೂದಿಯ ಬಣ್ಣಕ್ಕೆ ತಿರುಗಿತ್ತು. "ಮಾಸ್ತರರೇ, ಇದು ನಮ್ಮ ಅಜ್ಜನದು. ಬಿಸಾಡಲು ಮನಸ್ಸಿಲ್ಲ, ಸರಿಮಾಡುವವರು ಸಿಕ್ಕಿಲ್ಲ. ಶಿರಸಿಯಲ್ಲಿ ಯಾರಾದರೂ ಇದ್ದರೆ ತೋರಿಸಿ ನೋಡಿ" ಎಂದು ಯಜಮಾನರು ಅದನ್ನು ನಮ್ಮ ಕೈಗಿತ್ತರು.

ಯಲ್ಲಾಪುರದಿಂದ ಶಿರಸಿಗೆ ಸುಮಾರು ೫೦ ಕಿಲೋಮೀಟರು. ಬೇಡ್ತಿ ಹೊಳೆಯನ್ನು ದಾಟಿ, ಶಾಲ್ಮಲೆಯಲ್ಲಿರುವ ಸಹಸ್ರಲಿಂಗದ ಕವಲುದಾರಿಯನ್ನು ಬದಿಗೆ ಬಿಟ್ಟು ಬಸ್ಸು ಸಾಗುವಾಗ ತೊಡೆಯ ಮೇಲಿನ ಕೊಂಬನ್ನು ನೋಡುತ್ತ ನಮಗೆ ಪುರಾತನ ಸಂಗತಿಗಳು ನೆನಪಾದುವು. ಯಜ್ಞದೀಕ್ಷಿತನು ಮೈ ತುರಿಸಿಕೊಳ್ಳಲು ಉಗುರನ್ನು ಬಳಸದೆ ಕೃಷ್ಣಮೃಗದ ಕೊಂಬನ್ನು ಬಳಸಬೇಕೆಂಬುದು ಶ್ರೌತ ವಿಧಿ. ವಿಷ್ಣುವಿನ ಬಿಲ್ಲಿಗೆ ಶಾರ್ಙ್ಗವೆಂಬ ಹೆಸರು ಬಂದುದು ಶೃಂಗದಿಂದಲೇ. ರುದ್ರಾಭಿಷೇಕದಲ್ಲಿ ಕೊಂಬಿನಿಂದ ನೀರೆರೆಯುವ ರೂಢಿ ಇಂದಿಗೂ ಉಂಟು. ಮಡಕೆ ಮಾಡುವುದಕ್ಕೂ ಮೊದಲು ಮನುಷ್ಯನ ಕೈಗೆ ತಾನಾಗಿ ದೊರೆತ ಪಾತ್ರೆಗಳಲ್ಲಿ ಕೊಂಬೂ ಒಂದಾಗಿದ್ದಿರಬೇಕು.

ಶಿರಸಿ, ಸಿದ್ದಾಪುರ, ಹೊನ್ನಾವರ, ಕುಮಟೆಗಳಲ್ಲಿಯೂ ನೆರೆಯ ಸೊರಬ, ಸಾಗರಗಳಲ್ಲಿಯೂ ಗುಡಿಗಾರರೆಂಬ ಶಿಲ್ಪಿಗಳು ವಾಸವಾಗಿರುವರು. ಗಂಧ, ದಂತಗಳ ಕೆತ್ತನೆಯಿಂದ ಇವರು ಹೆಸರಾದವರು. ಇವರ ಪೂರ್ವಿಕರು ಗೋವೆಯ ಕಡೆಯಿಂದ ಬಂದವರೆಂದು ಹೇಳುವುದುಂಟು. ಶಿರಸಿಯಲ್ಲಿ ವಿಚಾರಿಸಲಾಗಿ, ಮಾರಿಕಾಂಬಾ ದೇವಾಲಯದಿಂದ ಹೆಚ್ಚು ದೂರವಲ್ಲದ ಒಂದು ಓಣಿಯಲ್ಲಿ ಇಂಥ ಕುಶಲಿಯೊಬ್ಬರು ದೊರೆತರು. ತಂದೆಯಿಂದ ಕೊಂಬಿನ ಕೆಲಸವನ್ನೂ ಕಲಿತಿದ್ದ ಅವರು ಒಂದು ಹೊಸ ಕೊಂಬನ್ನು ಪಕ್ಕದಲ್ಲಿಟ್ಟುಕೊಂಡು ಎಲ್ಲವನ್ನೂ ನಮಗೆ ವಿವರಿಸಿದರು.

ಕೊಂಬೆಂದರೆ ಒಳಗೆ ಎಲುಬು, ಹೊರಗೆ ನಮ್ಮ ಉಗುರಿನ ಜಾತಿಯದೇ ಆದ ಒರೆ. ಹಸಿಯ ಕೊಂಬನ್ನು ಕೆಲವು ವಾರ ನೀರಿನಲ್ಲಿ ಹಾಕಿಟ್ಟರೆ ನಡುವಣ ಪೊರೆ ಕೊಳೆತು, ತಟ್ಟಿದಾಗ ಎಲುಬು ಜಾರಿ ಬೀಳುವುದು. ಬಹಳ ನಾರುವುದರಿಂದ ಇದನ್ನು ಹಿತ್ತಿಲ ತುದಿಯಲ್ಲಿಯೇ ಮಾಡತಕ್ಕದ್ದು. ಎಮ್ಮೆ ಕೋಣಗಳ ಕೊಂಬಿನ ಬುಡ ದುಂಡಗಿರುವುದಿಲ್ಲ. ಆದುದರಿಂದ ಅದನ್ನು ಕುದಿನೀರಿನಲ್ಲಿ ಮೆತ್ತಗಾಗಿಸಿ, ಮೊನೆ ಕಿರಿದಾದ ಮರದ ಗುಂಡನ್ನು ಒತ್ತಿ ತೂರಿಸಿ ಆರಲು ಬಿಡುವರು. ಆರಿದ ಮೇಲೆ ಬಾಯಿ ದುಂಡಗೆಯೇ ನಿಲ್ಲುವುದು.

ಅನಂತರದ ಕೆಲಸ ತುದಿಯಲ್ಲಿ ರಂಧ್ರ ಮಾಡುವುದು. ಕೊಂಬಿನ ಪೊಳ್ಳು ತುದಿಯವರೆಗೆ ಹೋಗುವುದಿಲ್ಲ. ಎಲ್ಲಿ ನಿಲ್ಲುವುದೋ ಕಣ್ಣಿಗೆ ಕಾಣದು. ಬಳುಕುವ ಬಿದಿರಿನ ಕಡ್ಡಿಯೊಂದನ್ನು ಒಳಗೆ ತೂರಿಸಿ, ಅದು ಮುಟ್ಟಿದಷ್ಟು ಉದ್ದವನ್ನು ಹೊರಮೈಯ ಬಾಗಿಗೆ ಹಿಡಿದು ಇದ್ದಿಲಿನಿಂದ ಗುರುತು ಮಾಡುವರು. ಬಳಿಕ ತುದಿಯನ್ನು ಕತ್ತರಿಸಿ, ಆ ಗುರುತನ್ನು ಲಕ್ಷ್ಯವಿಟ್ಟು ಬೈರಿಗೆಯಿಂದ ಕೊರೆಯುವರು. ಓರೆಯಾದರೆ ಪಕ್ಕ ತೂತಾಗಿ ಕೊಂಬೇ ವ್ಯರ್ಥ.

ಕೊನೆಗೆ ಹಲಸಿನ ಮರದ ಬಿಲ್ಲೆಯನ್ನು ಬುಡಕ್ಕೆ ಕೂರಿಸಿ, ಸಂದಿಗೆ ಜೇನುಮೇಣ ತುಂಬಿ, ಬಿದಿರಿನ ಮೊಳೆ ಹೊಡೆಯುವರು. ಕಬ್ಬಿಣದ ಮೊಳೆ ಕೂಡದು. "ಮಾಸ್ತರೇ, ಸಂದಿಯಲ್ಲಿ ಗಾಳಿ ಹೋದರೆ ಮದ್ದಿಗೆ ಥಂಡಿ ತಾಗುತ್ತದೆ. ಹಂದಿ ಎದುರಿಗೆ ಬಂದಾಗ ಕೋವಿ ಹಾರದಿದ್ದರೆ ಆ ತಪ್ಪು ಮಾಡಿದವನದು" ಎಂದು ಅವರು ಹೇಳಿದರು. ನಮ್ಮ ಕೊಂಬಿಗೆ ಹೊಸ ಬಿಲ್ಲೆ ಕೂರಿಸಿಕೊಟ್ಟು, "ಹೊಳಪು ಕೊಡುವುದು ನಮ್ಮ ಭಾವನವರ ಕೈಲಿ ಚೆನ್ನ. ಸಿದ್ದಾಪುರಕ್ಕೆ ಹೋಗುವಿರಲ್ಲ, ಅವರಿಗೇ ಕೊಡಿ" ಎಂದರು.

ಭಾವನವರಿಗೆ ಎಪ್ಪತ್ತು ದಾಟಿತ್ತು. ಕೊಂಬನ್ನು ಕೈಗೆ ತೆಗೆದುಕೊಂಡೊಡನೆ ಅವರು ಕೇಳಿದ ಮೊದಲ ಪ್ರಶ್ನೆ, "ಇದು ಮನೆಯ ಎಮ್ಮೆಯದೋ, ಕಾಡುಕೋಣದ್ದೋ?" ಎಂಬುದು. ೧೯೭೨ರ ವನ್ಯಜೀವಿ ಸಂರಕ್ಷಣೆಯ ಕಾನೂನಿನ ತರುವಾಯ ಕಾಡುಪ್ರಾಣಿಯ ಕೊಂಬನ್ನು ಇವರು ಮುಟ್ಟುವಂತಿಲ್ಲ. ದಂತದ ವ್ಯಾಪಾರವೂ ೧೯೯೧ರ ತಿದ್ದುಪಡಿಯಿಂದ ಪೂರ್ಣವಾಗಿ ನಿಂತಿತು. ಆನೆಯೂ ಕಾಡುಕೋಣವೂ ಉಳಿಯಬೇಕಾದುದು ನ್ಯಾಯವೇ. ಅದಕ್ಕಾಗಿ ಅವರು ಗೊಣಗಲಿಲ್ಲ. ಮನೆಯ ಎಮ್ಮೆಯದೆಂದು ತಿಳಿದ ಮೇಲೆ ಕೆಲಸಕ್ಕೆ ಕುಳಿತರು.

ಮೊದಲು ಅರದಿಂದ ಉಜ್ಜಿ, ಅನಂತರ ಚೂರಿಯ ಅಲಗಿನಿಂದ ಹೆರೆದರು. ಆಮೇಲೆ ಗರಗತ್ತಿಯ ಎಲೆ. ಅತ್ತಿಯ ಜಾತಿಯ ಈ ಮರದ ಎಲೆ ಬೆಕ್ಕಿನ ನಾಲಗೆಯಂತೆ ಒರಟು. ಪೇಟೆಯ ಉಪ್ಪುಕಾಗದ ಬರುವ ಮೊದಲು ಅದರ ಕೆಲಸವನ್ನು ಇದೇ ಮಾಡುತ್ತಿತ್ತು. ನೀರಿನಲ್ಲಿ ಅದ್ದಿದ ಎಲೆಯಿಂದ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ತಿಕ್ಕಬೇಕು. ಹಿಂದಿನ ಗೀರು ಪೂರ್ತಿಯಾಗಿ ಅಳಿಯುವ ತನಕ ಮುಂದಿನ ಹಂತಕ್ಕೆ ಹೋಗಬಾರದೆಂಬುದೇ ಇದರ ನಿಯಮ. ಕಡೆಯಲ್ಲಿ ಇದ್ದಿಲಿನ ನುಣ್ಣನೆಯ ಹುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಬಟ್ಟೆಯಿಂದಲೂ, ಎಲ್ಲಕ್ಕೂ ಕೊನೆಗೆ ಬರಿಯ ಅಂಗೈಯಿಂದಲೂ ಉಜ್ಜುವರು. ಎರಡನೆಯ ದಿನ ಸಂಜೆಗೆ ಬೂದಿಯ ಬಣ್ಣದ ಕೊಂಬು ಕರಿಯ ಕಲ್ಲಿನಂತೆ ಮಿನುಗಿತು. ಅದರಲ್ಲಿ ಕಿಟಕಿಯ ಸರಳುಗಳನ್ನು ಎಣಿಸಬಹುದಾಗಿತ್ತು.

ಆ ಎರಡು ದಿನವೂ ಎಲೆ ಹಿಡಿದು ಹೆಚ್ಚು ತಿಕ್ಕಿದವಳು ಅಜ್ಜನ ಬಳಿ ಕುಳಿತಿದ್ದ, ಎಂಟನೆಯ ತರಗತಿಯಲ್ಲಿ ಓದುವ ಮೊಮ್ಮಗಳು. ಒಂದು ಕಡೆ ಗೀರು ಉಳಿದುದನ್ನು ಅಜ್ಜನಿಗಿಂತ ಮೊದಲು ಕಂಡವಳೂ ಅವಳೇ. ಆದರೆ ಮುಂದೆ ಈ ವಿದ್ಯೆ ಯಾರಿಗೆಂದು ನಾವು ಕೇಳಿದಾಗ ವೃದ್ಧರು, "ಮಕ್ಕಳಿಬ್ಬರೂ ಬೆಂಗಳೂರು ಸೇರಿದರು. ಇನ್ನು ಯಾರೂ ಇಲ್ಲ, ಮಾಸ್ತರೇ" ಎಂದರು. ನಾವು ಹುಡುಗಿಯ ಕಡೆ ನೋಡಿದೆವು. "ಅವಳು ಹೆಣ್ಣುಹುಡುಗಿಯಲ್ಲವೇ? ನಾಳೆ ಇನ್ನೊಂದು ಮನೆಗೆ ಹೋಗುವವಳು" ಎಂದರು. ಅದೇ ಮನೆಯ ಹೆಂಗಸರು ಬೆಂಡಿನಿಂದ ಮದುವೆಯ ಬಾಸಿಂಗಗಳನ್ನು ಕಟ್ಟಿ ಪಕ್ಕದ ಕೋಣೆಯಲ್ಲಿ ಸಾಲಾಗಿ ಇಟ್ಟಿದ್ದರು! ನಾವು ಅದನ್ನು ತೋರಿಸಿ, "ಹೋದ ಮನೆಗೆ ಅವಳು ವಿದ್ಯೆಯನ್ನೂ ಒಯ್ಯಲಿ, ಇಲ್ಲಿಯೇ ನಿಂತು ನಿಮ್ಮೊಡನೆ ಮುಗಿಯುವುದಕ್ಕಿಂತ ಅದು ಮೇಲಲ್ಲವೇ?" ಎಂದೆವು. ಅವರು ಉತ್ತರ ಕೊಡಲಿಲ್ಲ. ಆದರೆ ಸ್ವಲ್ಪ ಹೊತ್ತಿನ ಮೇಲೆ ಬೈರಿಗೆಯನ್ನು ಎತ್ತಿ, ಹಿಡಿಯುವ ಬಗೆಯನ್ನು ಹುಡುಗಿಗೆ ತೋರಿಸತೊಡಗಿದರು.

ಮದ್ದಿನ ಕೊಂಬು ಇನ್ನು ಹೆಚ್ಚು ಮನೆಗಳಿಗೆ ಬೇಕಾಗಲಾರದು. ಬೇಕಾಗಲೆಂದು ನಾವು ಬಯಸುವುದೂ ಇಲ್ಲ. ಆದರೆ ಕಾಣದ ಪೊಳ್ಳನ್ನು ಅಳೆಯಬಲ್ಲ, ಉಳಿದ ಗೀರನ್ನು ಸಹಿಸದ ಆ ಕೈ ಬಾಚಣಿಗೆಯನ್ನೂ ಚೂರಿಯ ಹಿಡಿಯನ್ನೂ ಕುಂಕುಮದ ಭರಣಿಯನ್ನೂ ಮಾಡಬಲ್ಲುದು. ವಾಚಕರು ಆ ಸೀಮೆಗೆ ಹೋದಾಗ ಜಲಪಾತಗಳನ್ನು ನೋಡಿ ಬರುವ ದಾರಿಯಲ್ಲಿ ಇಂಥ ಒಂದು ಮನೆಯ ಬಾಗಿಲನ್ನೂ ತಟ್ಟಲಿ. ಅಗ್ಗದ ಸಾಮಾನಿಗಾಗಿ ಚೌಕಾಸಿ ಮಾಡದೆ ಒಂದು ವಸ್ತುವನ್ನು ಹೇಳಿ ಮಾಡಿಸಿಕೊಳ್ಳಲಿ. ಹಾಗೆ ಕೇಳುವವರು ನಾಲ್ಕು ಜನ ಇದ್ದರೆ, ಕಲಿಯುವ ಹುಡುಗಿಗೆ ಕಲಿಯಲು ಕಾರಣವೂ ಇರುವುದು.