ಕರುವಿನ ಕುತ್ತಿಗೆ ಅಳತಿ

ನಮ್ಮ ಸಿದ್ದಾಪುರದ ಕಡೆ ದನದ ತೊಟ್ಟಿ ನೋಡ್ರಿ. ಕರುವಿಗೂ ಎಟುಕೋ ಹಂಗ ಒಂದು ಕಡೆ ಗೋಡೆ ಗಿಡ್ಡ, ಗೊರಸು ಜಾರಬಾರದಂತ ಸುತ್ತ ಒರಟು ಕಲ್ಲು. ಅಂಥದೊಂದು ತೊಟ್ಟಿ ಕಟ್ಟಿದಾಂವ ನಮ್ಮಪ್ಪ. "ಬಾಯಿಲ್ಲದ ಜೀವದ ಅಳತಿ ನಾವ ತಿಳ್ಕೋಬೇಕು" ಅಂತಿದ್ದ. ಅದೇ ಅಪ್ಪನಿಗೆ ಹೋಟೆಲ್‌ನಾಗ ಚಹಾಕ್ಕ ಬೇರೆ ಲೋಟ. ಕುಡಿದು ತೊಳೆದಿಡಬೇಕಾದವನೂ ಅವನೇ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ ಕೆರೆಯ ನೀರು ಕುಡಿದರು. ದನ ಕುಡಿಯಬಹುದಾಗಿದ್ದ ಆ ಕೆರೆಯನ್ನು ನಮ್ಮವರು ಮುಟ್ಟುವಂತಿರಲಿಲ್ಲ. 1950ರಲ್ಲಿ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಅಪ್ಪನ ಲೋಟ ಮಾತ್ರ ಉಳೀತು.

ದನಕ್ಕ ತೊಟ್ಟಿ ಬ್ಯಾಡ ಅನ್ನಲ್ಲ. ಇನ್ನೂ ಹತ್ತು ಕಟ್ಟೋಣ. ಆದರ ಕರುವಿನ ಕುತ್ತಿಗೆ ಅಳೆಯಬಲ್ಲ ಊರಿಗೆ ಮನುಷ್ಯನ ಬಾಯಾರಿಕೆ ಗೊತ್ತಿಲ್ಲೇನು? ಗೊತ್ತೈತಿ. ಬೇಕಾಗಿಲ್ಲ, ಅಷ್ಟ.

ಜೈ ಭೀಮ್.