ಕರೆಯದೆ ಬಂದ ಡಂಗುರದವರು

ಕಳೆದ ತಿಂಗಳು ನಮ್ಮ ಮನೆಯ ಕಂಪ್ಯೂಟರಿಗೆ ವಿಚಿತ್ರವಾದ ಪೀಡೆಯೊಂದು ತಗುಲಿತು. ಯಾವ ಪುಟವನ್ನು ತೆರೆದರೂ ಜಾಹೀರಾತುಗಳು ಒಂದರ ಮೇಲೊಂದು ಎರಗುತ್ತಿದ್ದವು. "ಇದೆಲ್ಲ ನಿನ್ನ ಆಟಗಳ ಫಲ" ಎಂದು ಮೊಮ್ಮಗನನ್ನು ಗದರಿಸಿದೆನು. ಹುಡುಗನು ಮರುಮಾತಾಡದೆ ಕಣ್ತುಂಬಿಕೊಂಡು ಹೊರಟುಹೋದನು.

ಸಂಜೆ ಸೊಸೆಯು ಪರೀಕ್ಷಿಸಲು ಕುಳಿತಳು. ವಿಂಡೋಸಿನ ಸೆಟ್ಟಿಂಗ್ಸಿನಲ್ಲಿ ತಂತ್ರಾಂಶಗಳ ಪಟ್ಟಿಯನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿದಳು. ನಾನು ಬಿಟ್ಟಿಯಾಗಿ ದೊರೆತ ಪಂಚಾಂಗವೊಂದನ್ನು ಇಳಿಸಿಕೊಂಡ ದಿನವೇ ಹೆಸರು ಕೇಳರಿಯದ ಮೂರು ತಂತ್ರಾಂಶಗಳು ಒಳಹೊಕ್ಕಿದ್ದವು! ಇಂಥವುಗಳಿಗೆ ಆಡ್‌ವೇರ್ ಎಂದು ಹೆಸರು. ಜಾಹೀರಾತು ತೋರಿಸಿ ಹಣ ಗಳಿಸುವುದೇ ಇವುಗಳ ಕಸುಬು. ಆದಕಾರಣವೇ ಬಿಟ್ಟಿ ಸರಕಿನ ಬೆನ್ನಿಗೆ ಇವನ್ನು ಕಟ್ಟಿರುತ್ತಾರೆ. ಮೊದಲೇ ಗುರುತು ಹಾಕಿದ್ದ ಚೌಕಗಳನ್ನು ಓದದೆ 'ಮುಂದೆ, ಮುಂದೆ' ಎಂದು ಒತ್ತಿದವನು ನಾನೇ.

ಅವಳು ಆ ಮೂರನ್ನೂ ತೆಗೆದುಹಾಕಿದಳು. ಬ್ರೌಸರಿಗೆ ಅಂಟಿಕೊಂಡಿದ್ದ ಅಪರಿಚಿತ ಎಕ್ಸ್‌ಟೆನ್ಷನ್ ಒಂದನ್ನು ಕಿತ್ತಳು. ತಾನಾಗಿ ಬದಲಾಗಿದ್ದ ಮೊದಲ ಪುಟವನ್ನು ಯಥಾಸ್ಥಿತಿಗೆ ತಂದಳು. ಸೂಚನೆ ಕಳುಹಿಸಲು ಕಂಡಕಂಡ ತಾಣಗಳಿಗೆ ನಾನು ಕೊಟ್ಟಿದ್ದ ಅನುಮತಿಯನ್ನು ರದ್ದುಮಾಡಿದಳು. ಕಡೆಗೆ, 2016ರಲ್ಲಿ ಮಾಲ್‌ವೇರ್‌ಬೈಟ್ಸ್ ಸಂಸ್ಥೆಯು ಕೊಂಡುಕೊಂಡ ಆಡ್‌ಡಬ್ಲ್ಯೂಕ್ಲೀನರ್ ಎಂಬ ಉಪಕರಣವನ್ನು ಆ ಸಂಸ್ಥೆಯ ತಾಣದಿಂದಲೇ ತಂದು, ಉಳಿದ ಕಸವನ್ನು ಶೋಧಿಸಿ ಗುಡಿಸಿದಳು. ಡಂಗುರವು ನಿಂತಿತು.

ಆದರೆ ನಾನಾಡಿದ ಮಾತು ಹುಡುಗನ ಮನಸ್ಸಿನಲ್ಲಿ ಉಳಿದಿತ್ತು. ಅದನ್ನು ತೆಗೆಯುವ ಉಪಕರಣವು ಸೊಸೆಯ ಬಳಿಯಲ್ಲಿಯೂ ಇರಲಿಲ್ಲ. ನಾನೇ ಅವನ ಕೋಣೆಗೆ ಹೋಗಿ, "ತಪ್ಪು ನನ್ನದಪ್ಪಾ" ಎಂದೆನು.

ಅವನು ಕ್ಷಣಕಾಲ ಸುಮ್ಮನಿದ್ದು, "ಇನ್ನು ಮೇಲೆ ಒತ್ತುವ ಮೊದಲು ನನ್ನನ್ನು ಕರೆ, ತಾತ" ಎಂದನು.

ಈಗ ಹಾಗೆಯೇ ಕರೆಯುತ್ತಿದ್ದೇನೆ.