ನಮ್ಮನೆಯಲ್ಲೇ ನಾನು 'ನೋಬಡಿ'

ಲಿನಕ್ಸ್ ಮಷೀನುಗಳ ನಡುವೆ ಫೈಲ್ ಹಂಚಿಕೊಳ್ಳೋದು ಸುಲಭ ಅಂತ ಹೇಳುವವರ ಮನೆಯಲ್ಲಿ ಬಹುಶಃ ಎಲ್ಲ ಮಷೀನೂ ಒಂದೇ ಕಾಲದವು. ತಿಪಟೂರಿನ ನಮ್ಮ ಮನೆಯಲ್ಲಿ ಹಾಗಿಲ್ಲ. ಮಹಡಿ ಮೇಲಿರೋದು ಅಕ್ಕ ಇಂಜಿನಿಯರಿಂಗ್ ಓದುವಾಗ ಕೊಂಡ ಡೆಸ್ಕ್‌ಟಾಪ್, ಅದರಲ್ಲಿ ಸೆಂಟ್‌ಒಎಸ್ 6. ಕೆಳಗೆ ಹಾಲ್‌ನಲ್ಲಿ, ಟಿವಿ ಹಿಂದೆ, ನಾನು ಸಿಕ್ಕಿಸಿದ ರಾಸ್ಪ್‌ಬೆರಿ ಪೈ.

ಮೇಲಿನ ಡಿಸ್ಕ್‌ನಲ್ಲಿ ಅಜ್ಜಿಯ ದನಿ ಇದೆ. ಅಕ್ಕ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದ ಸೋಬಾನೆ ಪದಗಳು. ಅಜ್ಜಿ ಹೋಗಿ ನಾಲ್ಕು ವರ್ಷವಾಯ್ತು. ಅಮ್ಮನಿಗೆ ಮಂಡಿ ನೋವು, ಮೆಟ್ಟಿಲು ಹತ್ತೋಕಾಗಲ್ಲ. ಹಾಗಾಗಿ ಕೆಳಗಿನ ಟಿವಿಯಲ್ಲೇ ಕೇಳುವಂತೆ ಮಾಡಿಕೊಡು ಅಂದ್ರು. "ಪೆನ್‌ಡ್ರೈವ್‌ಗೆ ಹಾಕ್ಕೊಡೋ ಸಾಕು" ಅಂತ ಅಕ್ಕ ಫೋನಿನಲ್ಲಿ ಅಂದಳು. ಆದರೆ ಫೋಟೊ, ಮದುವೆ ವಿಡಿಯೊ ಎಲ್ಲ ಸೇರಿ ದೊಡ್ಡ ರಾಶಿ. ಒಂದು ಕಡೆ ಇಟ್ಟು ಹಂಚಿಕೊಳ್ಳೋದೇ ಸರಿ ಅನ್ನಿಸಿತು. ಅದಕ್ಕೆ ಎನ್‌ಎಫ್‌ಎಸ್ ಇದೆಯಲ್ಲ.

ಮೊದಲ ತೊಡಕು ಸ್ವಲ್ಪ ಮೋಜಿನದು. ಪಿಂಗ್ ಹೋಗುತ್ತೆ, ಉತ್ತರ ಬರುತ್ತೆ. ಮೌಂಟ್ ಮಾಡಿದರೆ 'ನೋ ರೂಟ್ ಟು ಹೋಸ್ಟ್' ಅನ್ನುತ್ತೆ. ದಾರಿಯೇ ಇಲ್ಲ ಅಂದ್ರೆ ಪಿಂಗ್ ಹೇಗೆ ಹೋಯ್ತು? ದಾರಿ ಇದೆ, ಬಾಗಿಲು ಹಾಕಿದೆ. ಸೆಂಟ್‌ಒಎಸ್ 6ರ ಫೈರ್‌ವಾಲ್ ಪಿಂಗ್ ಬಿಡುತ್ತೆ, ಉಳಿದದ್ದನ್ನು ತಿರಸ್ಕರಿಸುವಾಗ ಕಳಿಸುವ ಸಂದೇಶವನ್ನು ಈ ಕಡೆಯ ಮಷೀನು 'ದಾರಿ ಇಲ್ಲ' ಅಂತ ಓದಿಕೊಳ್ಳುತ್ತೆ. ಎನ್‌ಎಫ್‌ಎಸ್ ನಾಲ್ಕನೇ ಆವೃತ್ತಿಗೆ 2049 ಅನ್ನೋ ಒಂದೇ ಪೋರ್ಟ್ ಸಾಕು. ಪೈ ವಿಳಾಸಕ್ಕೆ ಮಾತ್ರ ಅದನ್ನು ತೆರೆದೆ. ಮೌಂಟ್ ಆಯ್ತು.

ಫೋಲ್ಡರ್ ತೆರೆದರೆ 'ಪರ್ಮಿಷನ್ ಡಿನೈಡ್'.

ಸುಡೊ ಹಾಕಿದೆ. ಆಗಲೂ ಅದೇ. ರೂಟ್‌ಗೇ ಪರ್ಮಿಷನ್ ಇಲ್ಲ ಅಂದ್ರೆ ಏನರ್ಥ? ಇಲ್ಲೇ ಎನ್‌ಎಫ್‌ಎಸ್‌ನ ಸ್ವಭಾವ ಗೊತ್ತಾಗೋದು. ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ಇದನ್ನು ಮಾಡಿದ್ದು ಒಬ್ಬರನ್ನೊಬ್ಬರು ನಂಬುವ ಮಷೀನುಗಳಿಗಾಗಿ. ಸಾಮಾನ್ಯ ಸೆಟಪ್‌ನಲ್ಲಿ ಅದು ಪಾಸ್‌ವರ್ಡ್ ಕೇಳಲ್ಲ, ಹೆಸರನ್ನೂ ನೋಡಲ್ಲ. ಬಳಕೆದಾರನ ನಂಬರ್ ಮಾತ್ರ ನೋಡುತ್ತೆ, ರೇಷನ್ ಅಂಗಡಿಯವರು ಮುಖ ನೋಡದೆ ಕಾರ್ಡ್ ನೋಡಿದ ಹಾಗೆ. ಇನ್ನು ಬೇರೆ ಮಷೀನಿನಿಂದ ರೂಟ್ ಬಂದರೆ, ಅವನ ಅಧಿಕಾರ ಕಿತ್ತುಕೊಂಡು 'ನೋಬಡಿ' ಅಂತ ಕೂರಿಸುತ್ತೆ. ರೂಟ್ ಸ್ಕ್ವಾಷ್ ಅಂದ್ರೆ ಅದೇ. ಒಳ್ಳೆಯ ಏರ್ಪಾಡು, ನನ್ನನ್ನು ಕೇಳಿದರೆ. ಆವತ್ತು ಮಾತ್ರ ಕೋಪ ಬಂತು.

ಎರಡೂ ಕಡೆ 'ಐಡಿ' ಅಂತ ಟೈಪ್ ಮಾಡಿ ನೋಡಿದೆ. ಪೈನಲ್ಲಿ ನನ್ನ ನಂಬರ್ 1000. ಮೇಲೆ ಅಕ್ಕನ ನಂಬರ್ 500. ರೆಡ್ ಹ್ಯಾಟ್ ಕುಟುಂಬದ ಹಳೆಯ ಲಿನಕ್ಸ್‌ಗಳು ಬಳಕೆದಾರರನ್ನು 500ರಿಂದ ಎಣಿಸುತ್ತಿದ್ದವು. ಫೆಡೋರಾ 16ರಿಂದ ಅದೂ 1000ಕ್ಕೆ ಬಂತು. ಜೊತೆಗೆ ಈ ಕುಟುಂಬದಲ್ಲಿ ಹೋಮ್ ಫೋಲ್ಡರ್ ಒಡೆಯನಿಗೆ ಬಿಟ್ಟು ಬೇರೆಯವರಿಗೆ ತೆರೆಯಲ್ಲ. ಅಂದ್ರೆ ಅಜ್ಜಿಯ ಪದ ಕೇಳೋ ಹಕ್ಕು 500ಕ್ಕೆ ಮಾತ್ರ.

ಅಕ್ಕನ ನಂಬರನ್ನೇ ಬದಲಾಯಿಸಬಹುದಿತ್ತು. ಆದರೆ ಆ ಹಳೆಯ ಡಿಸ್ಕ್‌ನಲ್ಲಿ ಸಾವಿರಾರು ಫೈಲುಗಳ ಒಡೆತನ ತಿದ್ದೋಕೆ ಧೈರ್ಯ ಬರಲಿಲ್ಲ. ಬದಲಿಗೆ ಎಕ್ಸ್‌ಪೋರ್ಟ್ಸ್ ಫೈಲ್‌ನಲ್ಲಿ ಒಂದು ಸಾಲು ತಿದ್ದಿದೆ: ಪೈನಿಂದ ಯಾರೇ ಬಂದರೂ 500 ಅಂತಲೇ ಭಾವಿಸು, ಓದೋಕೆ ಬಿಡು, ಬರೆಯೋಕೆ ಬಿಡಬೇಡ. 'ಆಲ್ ಸ್ಕ್ವಾಷ್', 'ಅನಾನ್ ಯುಐಡಿ', 'ಅನಾನ್ ಜಿಐಡಿ', 'ಆರ್‌ಒ' — ಇಷ್ಟೇ. ಎಕ್ಸ್‌ಪೋರ್ಟ್ ಮತ್ತೆ ಲೋಡ್ ಮಾಡಿದ ಮೇಲೆ ಫೋಲ್ಡರ್ ತೆರೀತು.

ಒಂದು ಪದದ ಮಧ್ಯದಲ್ಲಿ ಅಜ್ಜಿ ಹಾಡು ನಿಲ್ಲಿಸಿ "ಆ ಬೆಕ್ಕನ್ನ ಓಡ್ಸೇ, ಹಾಲು ಕುಡೀತದೆ" ಅಂತ ಯಾರಿಗೋ ಗದರುತ್ತಾಳೆ. ಅಮ್ಮ ಹಾಡಿಗಿಂತ ಅದನ್ನೇ ಮೂರು ಸಲ ಹಾಕಿಸಿಕೊಂಡ್ರು. ಆ ಬೆಕ್ಕು ಓಡಿಸಿದ್ದು ಅವರೇ ಅಂತೆ.

ಆ ಡಿಸ್ಕ್ ಎಷ್ಟು ದಿನ ಬರುತ್ತೋ ಅಂತ ಒಂದು ಕಾಪಿ ಬೇರೆ ಡಿಸ್ಕ್‌ಗೂ ತೆಗೆದಿಟ್ಟಿದ್ದೀನಿ. ಸೆಂಟ್‌ಒಎಸ್ 6ಕ್ಕೆ ಅಪ್‌ಡೇಟ್ ನಿಂತಿದ್ದು 2020ರ ನವೆಂಬರ್‌ನಲ್ಲಿ, ಅದಕ್ಕೇ ರೌಟರ್‌ನಲ್ಲಿ ಆ ಮಷೀನಿಗೆ ಇಂಟರ್ನೆಟ್ ಬಂದ್ ಮಾಡಿದೆ. ಡೆಸ್ಕ್‌ಟಾಪ್ ಆಫ್ ಆಗಿದ್ದರೆ ಪೈ ಸುಮ್ಮನೆ ಕಾಯುತ್ತಾ ಹ್ಯಾಂಗ್ ಆಗುತ್ತಿತ್ತು, ಓದೋಕೆ ಮಾತ್ರ ಅಲ್ವಾ ಅಂತ 'ಸಾಫ್ಟ್' ಮೌಂಟ್ ಕೊಟ್ಟೆ. ಈಗ ಸಂಜೆ ಕಾಫಿ ಆದ ಮೇಲೆ ಅಪ್ಪ ಮಹಡಿ ಹತ್ತಿ ಡೆಸ್ಕ್‌ಟಾಪ್ ಆನ್ ಮಾಡ್ತಾರೆ. ಅಮ್ಮ ಕೆಳಗಿನಿಂದ "ಆಯ್ತೇನ್ರೀ?" ಅಂತ ಕೂಗ್ತಾರೆ.